ಸದ್ದಿಲ್ಲದ ಸ್ಕೂಟರಿನ ಏಜೆನ್ಸಿ

ಮನೆಯ ನಲ್ಲಿ ಸೋರುತ್ತಿದ್ದರೂ ದೇಶದ ಬಗ್ಗೆಯೇ ಚಿಂತಿಸುವ ಗಂಡಸರು ಎಲ್ಲ ಊರಲ್ಲೂ ಇರುತ್ತಾರೆ. ಆಲ್ದೂರಿನಲ್ಲಿ ಆ ಜವಾಬ್ದಾರಿಯನ್ನು ನಾನು ಹೊತ್ತಿದ್ದೆ. ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಪುಟ್ಟ ಅಂಗಡಿ ನನ್ನದು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬ್ಯಾಟರಿ ಸ್ಕೂಟರುಗಳು ಆಗತಾನೆ ಪೇಟೆಗೆ ಬರುತ್ತಿದ್ದವು. ನಾನೂ ಒಂದನ್ನು ತಂದೆ. ಯಾವುದಾದರೂ ಎಸ್ಟೇಟಿಗೆ ಮಾರಿ ತೋರಿಸಿದರೆ ಈ ಕಡೆಯ ಏಜೆನ್ಸಿ ನಿಮಗೇ ಎಂದು ಕಂಪನಿಯವರು ಮಾತು ಕೊಟ್ಟಿದ್ದರು. ತಂತಿ ಸುತ್ತಿ ಸುತ್ತಿ ಸಾಕಾಗಿದ್ದ ನನಗೆ ಅದು ಬೇಕೇ ಬೇಕಿತ್ತು.

ಈ ಉದ್ಯಮ ಬೆಳೆಯಬೇಕಾದರೆ ದಿನವಿಡೀ ಕರೆಂಟಿರಬೇಕು, ರಸ್ತೆ ಸರಿಯಿರಬೇಕು, ಸರ್ಕಾರ ಸಹಾಯಧನ ಕೊಡಬೇಕು ಎಂದು ಊಟಕ್ಕೆ ಕೂತಾಗಲೆಲ್ಲ ಹೆಂಡತಿ ಸರೋಜಳಿಗೆ ವಿವರಿಸುತ್ತಿದ್ದೆ. ಕರೆಂಟು ಬಂದೊಡನೆ ಅವಳು ಮಿಕ್ಸಿಯ ಕಡೆ ಓಡುವಳು, ನಾನು ಚಾರ್ಜರಿನ ಕಡೆ. ನಮ್ಮ ವೋಲ್ಟೇಜಿಗೆ ಎರಡೂ ಒಟ್ಟಿಗೆ ಆಗುತ್ತಿರಲಿಲ್ಲ. ದೇಶದ ಭವಿಷ್ಯಕ್ಕಾಗಿ ನಾವು ಎಷ್ಟೋ ಬೆಳಿಗ್ಗೆ ಚಟ್ನಿಯಿಲ್ಲದೆ ದೋಸೆ ತಿಂದೆವು.

ಕೊನೆಗೆ ಕಾಫಿ ತೋಟದ ತಿಮ್ಮಪ್ಪಗೌಡರು ಗಾಡಿ ನೋಡಲು ಒಪ್ಪಿದರು. ಏರಿನಲ್ಲಿ ಅದು ಕೈಕೊಡುತ್ತದೆಂದು ಗೊತ್ತಿದ್ದುದರಿಂದ ಬಾಡಿಗೆ ಪಿಕಪ್ಪಿನಲ್ಲಿ ಹೇರಿಕೊಂಡು ಹೋಗಿ, ಬಂಗಲೆಯ ಮುಂದೆ ಇಳಿಜಾರಿನ ಕಡೆಗೇ ಮುಖಮಾಡಿ ನಿಲ್ಲಿಸಿದೆ. ಗೌಡರು ಹತ್ತಿ ಹೊರಟರು. ಇಳಿಜಾರು ಕಂಡರೆ ಪೆಟ್ರೋಲ್ ಉಳಿಸಲು ಕೀ ಆಫ್ ಮಾಡುವುದು ನಮ್ಮ ಕಡೆಯವರ ರಕ್ತದಲ್ಲೇ ಇದೆ. ಪೆಟ್ರೋಲೇ ಇಲ್ಲದ ಗಾಡಿಯ ಕೀಯನ್ನೂ ಅವರು ಆಫ್ ಮಾಡಿದರು.

ಕಾಫಿ ತೋಟಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಒಪ್ಪಂದವಿದೆ. ಯಜಮಾನರ ಜೀಪಿನ ಸದ್ದು ತಿರುವಿನಲ್ಲಿ ಕೇಳಿದರೆ ಮಾತು ನಿಂತು ಕೈಗಳು ಚುರುಕಾಗುತ್ತವೆ. ಯಜಮಾನರಿಗೂ ತೃಪ್ತಿ. ಅವತ್ತು ಸದ್ದೇ ಇಲ್ಲ. ಹಣ್ಣು ಕೊಯ್ಯುವ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಗೌಡರ ದನಿಯಲ್ಲೇ ಎಲ್ಲರನ್ನೂ ಬೈಯುತ್ತಿದ್ದಳಂತೆ. ಲೆಕ್ಕ ಬರೆಯುವ ರೈಟರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದನಂತೆ.

ಗೌಡರು ನಡೆದೇ ವಾಪಸು ಬಂದರು. ಹಿಂದೆ ರೈಟರು ಏದುಸಿರು ಬಿಡುತ್ತ ಸ್ಕೂಟರು ತಳ್ಳಿಕೊಂಡು ಬರುತ್ತಿದ್ದ.

"ಗಾಡಿಯೇನೋ ಚೆನ್ನಾಗೈತೆ ಮಾರಾಯ. ಆದ್ರೆ ನಂಗೆ ಬ್ಯಾಡ," ಎಂದರು ಗೌಡರು. "ಇಷ್ಟು ವರ್ಷ ನಮ್ ಆಳುಗಳಿಗೆ ನಾನಂದ್ರೆ ಭಯಭಕ್ತಿ ಅಂದ್ಕಂಡು ಆರಾಮಾಗಿದ್ದೆ."

ಏಜೆನ್ಸಿ ಕೈತಪ್ಪಿದ ಬೇಸರವಿದ್ದರೂ ಗೌಡರ ಮುಖ ನೆನೆದು ನಗುತ್ತ, ನಾನೂ ಸ್ಕೂಟರು ಹತ್ತಿ, ಕೀ ಆಫ್ ಮಾಡಿಕೊಂಡು ಇಳಿಜಾರಿನಲ್ಲಿ ಮನೆ ತಲುಪಿದೆ. ಅಡಿಗೆಮನೆಯ ಕಿಟಕಿ ತೆರೆದಿತ್ತು. ಒಳಗೆ ಸರೋಜ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು:

"ಗಾಡಿ ದಾರೀಲಿ ನಿಂತ್ರೂ ನಂಗೇನೂ ಬೇಜಾರಿಲ್ಲ ಲಲಿತಕ್ಕ. ಅಷ್ಟ್ ಹೊತ್ತಾದ್ರೂ ಇವರ ಭಾಷಣ ತಪ್ಪತ್ತೆ. ತಳ್ಕೊಂಡು ಬಂದ್ರೆ ಇನ್ನೂ ಒಳ್ಳೇದು, ಸುಸ್ತಾಗಿ ಮಲಗ್ತಾರೆ."

ಇಬ್ಬರೂ ನಕ್ಕರು. ನನಗೆ ನಿಜಕ್ಕೂ ನೋವಾಯಿತು. ಸದ್ದಾಗದಂತೆ ಸ್ಕೂಟರನ್ನು ತಿರುವಿನವರೆಗೆ ತಳ್ಳಿಕೊಂಡು ಹೋಗಿ, ಕೀ ಹಾಕಿ, ಹಾರನ್ ಬಾರಿಸುತ್ತ ಮತ್ತೆ ಬಂದೆ. ಸರೋಜ ಬಾಗಿಲಿಗೆ ಬಂದು, ಪಾಪ ಎಷ್ಟು ದಣಿದಿದ್ದೀರಿ ಎಂದು ಅಕ್ಕರೆಯಿಂದ ಕಾಫಿ ಕೊಟ್ಟಳು. ಕಾಫಿ ಬಹಳ ರುಚಿಯಾಗಿತ್ತು.

ವಾರದೊಳಗೆ ಆ ಸ್ಕೂಟರನ್ನು ಮಾರಿ, ಊರಿಗೆಲ್ಲ ಕೇಳಿಸುವಂಥ ಹಳೆಯ ಬೈಕೊಂದನ್ನು ಕೊಂಡೆ. ಬೇರೆ ಎಸ್ಟೇಟುಗಳಿಗೆ ತೋರಿಸದೆ ಏಜೆನ್ಸಿಯ ಆಸೆ ಯಾಕೆ ಬಿಟ್ಟಿರಿ ಎಂದು ಕಂಪನಿಯವರು ಕೇಳಿದಾಗ, "ಏನ್ ಮಾಡೋದು ಸಾರ್, ನಮ್ಮ ದೇಶದಲ್ಲಿ ಕರೆಂಟೇ ಇರಲ್ಲ," ಎಂದೆ. ಎಲ್ಲ ಊರಿನವರೂ ಇದನ್ನೇ ಹೇಳುತ್ತಾರೆ ಎಂದು ಅವರು ನಿಟ್ಟುಸಿರು ಬಿಟ್ಟರು.