ನಲವತ್ತೆರಡು ಗ್ರಾಮ್

ನಲವತ್ತೆರಡು ಗ್ರಾಮ್ ಕಡಿಮೆ ಬಿದ್ದದ್ದೇ ಎಲ್ಲಕ್ಕೂ ಮೂಲ.

ಎಂಟು ತಿಂಗಳು ಕೂತು ಕಟ್ಟಿದ ಗ್ಲೈಡರನ್ನು ಗುಮಾಸ್ತ ಆ ದಿನ ಬೆಳಿಗ್ಗೆ ಊಟದ ಮೇಜಿನ ಪಕ್ಕ ನಿಂತು ಎರಡು ತೋರುಬೆರಳುಗಳ ಮೇಲೆ ಎತ್ತಿ ಹಿಡಿದ. ರೆಕ್ಕೆಯ ಅಡಿ ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಜಾಗಕ್ಕೆ ಬೆರಳು ಸರಿಯಾಗಿಯೇ ಕೂತಿತ್ತು. ಗ್ಲೈಡರು ಒಂದು ಕ್ಷಣ ಯೋಚಿಸಿತು. ಆಮೇಲೆ, ಊಟ ಮುಗಿಸಿ ಆರಾಮಕುರ್ಚಿಗೆ ಒರಗುವ ಮಾವನವರ ಹಾಗೆ, ನಿಧಾನವಾಗಿ ಬಾಲದ ಕಡೆಗೆ ಕೂತುಬಿಟ್ಟಿತು.

ಎಂಜಿನ್ ಇಲ್ಲದೆ ಬರೀ ಗಾಳಿಯನ್ನು ನಂಬಿ ಬದುಕುವ ವಿಮಾನಕ್ಕೆ ಬಾಲ ಭಾರವಾದರೆ ಮುಗಿಯಿತು. ಮೂಗೆತ್ತಿ, ಆಕಾಶದಲ್ಲೇ ನಿಂತು, ಕಲ್ಲಿನಂತೆ ಬೀಳುತ್ತದೆ. ಮೂಗಿಗೆ ಭಾರ ಬೇಕು. ಎಷ್ಟು ಬೇಕೆಂದು ಮೊಳೆಗಳನ್ನು ಒಂದೊಂದಾಗಿ ಮೂಗಿನ ಮೇಲಿಟ್ಟು ನೋಡಿ, ಅಷ್ಟನ್ನೂ ಅಡುಗೆಮನೆಯ ತಕ್ಕಡಿಗೆ ಸುರಿದ. ನಲವತ್ತೆರಡು ಗ್ರಾಮ್. ಹಾಗಂತ ಮೊಳೆಗಳನ್ನೇ ಒಳಗೆ ತುಂಬುವಂತಿರಲಿಲ್ಲ. ಗಿಲಕಿಯ ಹಾಗೆ ಅಲ್ಲಾಡುವ ಭಾರ ಭಾರವೇ ಅಲ್ಲ. ಮೂಗಿನೊಳಗಿನ ಪೊಳ್ಳು ನಡುಬೆರಳಿನಷ್ಟು ಉದ್ದ, ಅಷ್ಟೇ ಸಪೂರ. ಚಮಚ ಉದ್ದವಾಯಿತು. ಹೆಂಡತಿಯ ಕತ್ತರಿಗೆ ಕೈ ಹಾಕಿದ.

"ಅದನ್ನೊಂದು ಮುಟ್ಟಿ ನೋಡಿ," ಎಂದಳು ಹೆಂಡತಿ ಒಳಗಿನಿಂದಲೇ. ಅವಳಿಗೆ ಬೆನ್ನಲ್ಲೂ ಕಣ್ಣು.

ನಿರಾಶೆಯಿಂದ ಜೇಬಿಗೆ ಕೈಯಿಟ್ಟಾಗ ಬೆರಳಿಗೆ ತಗುಲಿದ್ದು ಕಚೇರಿಯ ಬೀಗದಕೈ. ತೂಗಿದ. ನಲವತ್ತೆರಡು. ಮೂಗಿಗೆ ತೂರಿಸಿದ. ಒರೆಗೆ ಕತ್ತಿ ಹೋದಂತೆ ಹೋಯಿತು. ಗುಮಾಸ್ತನಿಗೆ ದೇವರ ಮೇಲೆ ನಂಬಿಕೆ ಇತ್ತೋ ಇಲ್ಲವೋ, ಆ ಹೊತ್ತಿಗಂತೂ ಬಂತು.

ಅದು ಸಾಮಾನ್ಯ ಬೀಗದಕೈ ಅಲ್ಲ. ಗುಮಾಸ್ತ ನೀರು ಸರಬರಾಜು ಕಚೇರಿಯವನು. ಊರಿನ ನೆಲದಡಿ ಓಡುವ ಎಲ್ಲ ಪೈಪು, ಎಲ್ಲ ವಾಲ್ವುಗಳ ನಕ್ಷೆ ಇರುವ ಕಬ್ಬಿಣದ ಕಪಾಟಿಗೆ ಅವನೇ ಕಾವಲು. ಆ ಕಪಾಟಿಗೆ ಎರಡನೆಯ ಬೀಗದಕೈ ಕೂಡ ಇತ್ತು. ಅದು ಎಲ್ಲಿದೆ ಎಂಬುದನ್ನು ಒಂದು ಕಡತದಲ್ಲಿ ಸ್ಪಷ್ಟವಾಗಿ ಬರೆದಿಟ್ಟಿದ್ದರು. ಕಡತ ಆ ಕಪಾಟಿನೊಳಗಿತ್ತು.

ಹದಿನೆಂಟು ವರ್ಷ ಅವನು ಆ ಕಪಾಟಿನ ಮುಂದೆ ಕೂತಿದ್ದ. ದಿನಕ್ಕೆ ಒಬ್ಬರೋ ಇಬ್ಬರೋ ಬರುತ್ತಿದ್ದರು. ಉಳಿದ ಹೊತ್ತೆಲ್ಲ ಸದ್ದಿಲ್ಲದ ಕೋಣೆ. ನೆಲದ ಕೆಳಗಿನ ಗೆರೆಗಳನ್ನು ಅಷ್ಟು ಕಾಲ ಕಾದವನಿಗೆ ನೆಲದ ಮೇಲೆ ಏನಾದರೂ ಬೇಕೆನ್ನಿಸಿದ್ದರಲ್ಲಿ ತಪ್ಪೇನಿಲ್ಲ. ರೆಕ್ಕೆಯ ಎಲುಬುಗಳನ್ನು ಹಗುರ ಮರದಲ್ಲಿ ಅವನೇ ಕೊರೆದಿದ್ದ. ಹೊದಿಕೆಗೆ ಮಾತ್ರ ಕಚೇರಿಯ ಸಹಾಯ: ಹಳೆಯ ನಕ್ಷೆ ಬರೆದ ಹಾಲುಬಣ್ಣದ ತೆಳು ಪ್ಲಾಸ್ಟಿಕ್ ಹಾಳೆ ಅದಕ್ಕೆ ಹೇಳಿಮಾಡಿಸಿದಂತಿತ್ತು. ಕಳ್ಳತನವೇನಲ್ಲ. ಕಚೇರಿಯಲ್ಲಿ ಇಟ್ಟುಕೊಳ್ಳುವ ನಕ್ಷೆಗಳ ಕಟ್ಟಿಗೆ ಬಿಳಿ ಪಟ್ಟಿ, ರದ್ದಿಗೆ ಹೋಗುವ ಕಟ್ಟಿಗೆ ಕೆಂಪು ಪಟ್ಟಿ ಸುತ್ತುವ ಪದ್ಧತಿ. ಅವನು ಕೆಂಪು ಪಟ್ಟಿಯ ಕಟ್ಟಿಗಷ್ಟೇ ಕೈಹಾಕಿದ್ದ. ಗೆರೆಗಳು ಕಾಣದಿರಲೆಂದು ಮೇಲೆ ಕೆಂಪು ನೀರಿನ ಬಣ್ಣ ಬಳಿದ. ಎಣ್ಣೆ ಬಣ್ಣ ಹದಿನೈದು ಗ್ರಾಮ್ ಜಾಸ್ತಿ.

ಎರಡು ಸುತ್ತು ಹಾರಿಸಿ ಬೀಗದಕೈ ತೆಗೆದುಬಿಡುವುದು ಎಂದುಕೊಂಡು, ಮೂಗಿಗೆ ಅಂಟುಪಟ್ಟಿ ಸುತ್ತಿ, ತೀವ್ರ ಬೆನ್ನುನೋವೆಂದು ಕಚೇರಿಗೆ ರಜೆ ಚೀಟಿ ಕಳಿಸಿ, ಅವನು ಊರಾಚೆಯ ಮೈದಾನಕ್ಕೆ ಹೊರಟ.

ಮೈದಾನದಲ್ಲಿ ಎದುರುಮನೆಯ ಮೇಷ್ಟ್ರು ಕೈ ಬೀಸಿಕೊಂಡು ನಡೆಯುತ್ತಿದ್ದರು. ನಿವೃತ್ತರಾಗಿ ಏಳು ವರ್ಷವಾಗಿದ್ದರೂ ಕಂಡವರನ್ನೆಲ್ಲ ತರಗತಿಯಲ್ಲಿ ಕೂರಿಸುವ ಚಟ ಹೋಗಿರಲಿಲ್ಲ.

"ಏನಯ್ಯಾ ಇದು? ಗಾಳಿಪಟಾನಾ?"

"ಗ್ಲೈಡರ್ ಮೇಷ್ಟ್ರೇ. ರಿಮೋಟಲ್ಲಿ ನಡೆಸೋದು."

"ದಾರ ಇಲ್ವಾ?"

"ಇಲ್ಲ."

"ದಾರ ಇಲ್ದೆ ಇರೋದು ಯಾವುದೂ ವಾಪಸ್ ಬರಲ್ಲ ಕಣಯ್ಯಾ. ನಲವತ್ತು ವರ್ಷ ಪಾಠ ಹೇಳಿದೀನಿ, ನಂಗೊತ್ತು."

ಗುಮಾಸ್ತ ರಬ್ಬರ್ ಹಗ್ಗದ ಒಂದು ತುದಿಯನ್ನು ಗೂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಗ್ಲೈಡರಿನ ಹೊಟ್ಟೆಯ ಕೊಕ್ಕೆಗೆ ಸಿಕ್ಕಿಸಿ, ಹಿಂದೆ ಹಿಂದೆ ನಡೆದು, ಕೈಬಿಟ್ಟ.

ಅದು ಹೋಯಿತು. ಸುಮ್ಮನೆ, ಸದ್ದೇ ಇಲ್ಲದೆ ಮೇಲೆ ಹೋಯಿತು. ಕೊಕ್ಕೆ ಕಳಚಿಕೊಂಡು, ತಲೆ ತಗ್ಗಿಸಿ, ಬೆಳಗಿನ ಬಿಸಿಲಿನಲ್ಲಿ ಕೆಂಪಗೆ ತಿರುಗಿತು. ಗುಮಾಸ್ತನ ಎದೆಯೊಳಗೆ ಎಂಟು ತಿಂಗಳಿಂದ ಗಂಟು ಹಾಕಿಕೊಂಡಿದ್ದ ಏನೋ ಬಿಚ್ಚಿಕೊಂಡಿತು. ಮೇಷ್ಟ್ರು ಕೂಡ ಒಂದು ನಿಮಿಷ ಮಾತಾಡಲಿಲ್ಲ. ಅವರ ಆಯುಷ್ಯದಲ್ಲಿ ಅದೇ ದಾಖಲೆ ಇರಬೇಕು.

ಮೈದಾನದ ಅಂಚಿಗೆ ಒಂದು ಗೋದಾಮು. ಅದರ ತಗಡಿನ ಛಾವಣಿ ಬಿಸಿಲಿಗೆ ಆಗಲೇ ಕಾದಿತ್ತು. ಅಲ್ಲಿಂದ ಬಿಸಿಗಾಳಿ ಕಾಣದ ಕಂಬದಂತೆ ಮೇಲೇಳುತ್ತಿತ್ತು. ಗ್ಲೈಡರು ಆ ಕಂಬದೊಳಗೆ ಹೊಕ್ಕು ಸುತ್ತತೊಡಗಿತು. ಮೇಲೆ. ಇನ್ನೂ ಮೇಲೆ. ಅಂಗೈಯಷ್ಟಿದ್ದದ್ದು ಎಲೆಯಷ್ಟಾಯಿತು.

ಆಗ ಫೋನ್ ಬಡಿದುಕೊಂಡಿತು. ಗುಮಾಸ್ತನ ಎರಡೂ ಕೈ ರಿಮೋಟಿನಲ್ಲಿ. ಮೇಷ್ಟ್ರು ಕೇಳದೆಯೇ ಅವನ ಜೇಬಿನಿಂದ ಫೋನ್ ತೆಗೆದು ಅವನ ಕಿವಿಗೂ ತಮ್ಮ ಕಿವಿಗೂ ನಡುವೆ ಹಿಡಿದರು.

"ರೀ, ಎಲ್ಲಿದೀರಿ?" ಹೆಂಡತಿಯ ದನಿ. "ನಮ್ಮ ಬೀದಿ ದೊಡ್ಡ ಪೈಪು ಒಡೆದುಹೋಗಿದೆ. ನೀರು ಉಕ್ತಾ ಇದೆ, ನಮ್ಮ ಎರಡನೇ ಮೆಟ್ಟಿಲಿಗೆ ಬಂದಿದೆ. ನಿಮ್ಮ ಸಾಹೇಬ್ರು ಬಾಗಿಲಲ್ಲೇ ನಿಂತಿದಾರೆ. ಕಪಾಟಿನ ಕೀ ಬೇಕಂತೆ."

"ನಾನು..."

"ಡಾಕ್ಟ್ರ ಹತ್ರ ಹೋಗಿದಾರೆ ಅಂದಿದೀನಿ. ಕೀ ಎಲ್ಲಿಟ್ಟಿದೀರಿ, ಹೇಳಿ, ನಾನೇ ಕೊಡ್ತೀನಿ."

ಗುಮಾಸ್ತ ತಲೆಯೆತ್ತಿ ನೋಡಿದ. ಕೀ ಈಗ ಬೇಳೆಕಾಳಿನಷ್ಟಿತ್ತು.

"ನನ್ನ ಹತ್ರಾನೇ ಇದೆ," ಎಂದ. ಒಂದು ರೀತಿಯಲ್ಲಿ ಅದು ಸುಳ್ಳಲ್ಲ. "ತರ್ತೀನಿ."

"ಬೇಗ. ಇನ್ನೊಂದು ಗಂಟೆ ಹೀಗೇ ಬಿಟ್ರೆ ನಾವು ಮನೇಲಿ ಈಜಬೇಕಾಗುತ್ತೆ."

ಯಾವ ವಾಲ್ವು ಎಲ್ಲಿದೆಯೆಂದು ಬಾಯಿಪಾಠ ಒಪ್ಪಿಸುತ್ತಿದ್ದ ಹಳೆಯ ಕೆಲಸಗಾರ ತೀರಿಕೊಂಡು ವರ್ಷವಾಗಿತ್ತು. ದೊಡ್ಡ ಟ್ಯಾಂಕನ್ನೇ ನಿಲ್ಲಿಸಿದರೆ ಆಸ್ಪತ್ರೆಗೂ ನೀರಿಲ್ಲ. ನಕ್ಷೆ ಇಲ್ಲದೆ ಬೀದಿ ಅಗೆಯುವುದೆಂದರೆ ಕತ್ತಲಲ್ಲಿ ಕರಿಬೆಕ್ಕು ಹುಡುಕಿದಂತೆ. ಗುಮಾಸ್ತ ಇದನ್ನೆಲ್ಲ ಬಲ್ಲ. ರಿಮೋಟಿನ ಕಡ್ಡಿಯನ್ನು ಮುಂದಕ್ಕೆ ಒತ್ತಿ ಹಿಡಿದ. ಗ್ಲೈಡರು ಮೂಗು ತಗ್ಗಿಸಿತು, ವೇಗ ಹೆಚ್ಚಿಸಿತು, ಮತ್ತೆ ಬಿಸಿಗಾಳಿಗೆ ಸಿಕ್ಕು ಇನ್ನೂ ಮೇಲೇರಿತು. ಇನ್ನಷ್ಟು ಒತ್ತಿದರೆ ರೆಕ್ಕೆ ಮುರಿಯುತ್ತದೆ, ಬೀಗದಕೈ ಯಾರ ತೋಟದಲ್ಲೋ ಬೀಳುತ್ತದೆ. ಹಾರಲಿ ಹಾರಲಿ ಎಂದು ಎಂಟು ತಿಂಗಳು ಬೇಡಿಕೊಂಡವನು ಈಗ ಬೀಳಪ್ಪಾ ಬೀಳು ಎಂದು ಬೇಡಿಕೊಂಡ.

"ಅದು ಊರ ಕಡೆ ತೇಲ್ತಾ ಇದೆ," ಎಂದರು ಮೇಷ್ಟ್ರು. "ನಡಿ, ನನ್ನ ಸ್ಕೂಟರಲ್ಲಿ ಹೋಗೋಣ. ನೀನು ಮೇಲೆ ನೋಡು, ನಾನು ಮುಂದೆ ನೋಡ್ತೀನಿ."

ಮೇಷ್ಟ್ರ ಸ್ಕೂಟರಿನ ಹಿಂದೆ ಕೂತ ಗುಮಾಸ್ತ ಕತ್ತನ್ನು ಹಿಂದಕ್ಕೆ ಚೆಲ್ಲಿ, ರಿಮೋಟನ್ನು ಎದೆಗವಚಿಕೊಂಡು, ತನಗೆ ತಾನೇ ಹೇಳಿಕೊಳ್ಳತೊಡಗಿದ. "ಎಡಕ್ಕೆ... ಎಡಕ್ಕೆ..."

ಮೇಷ್ಟ್ರು ಎಡಕ್ಕೆ ತಿರುಗಿಸಿದರು. ಅದು ಯಾರದೋ ಅಂಗಳ. ಒಣಹಾಕಿದ್ದ ಹೊದಿಕೆಯೊಂದು ಗುಮಾಸ್ತನ ಮುಖವನ್ನು ಸವರಿಕೊಂಡು ಹೋಯಿತು.

"ನಿಮಗಲ್ಲ ಮೇಷ್ಟ್ರೇ! ಅದಕ್ಕೆ ಹೇಳಿದ್ದು!"

"ಅದಕ್ಕೆ ಕಿವಿ ಇದೆಯೇನಯ್ಯಾ? ಇರೋದು ನನಗೆ. ಬಾಯಿ ಮುಚ್ಕೊಂಡು ಓಡಿಸು!"

ತಮ್ಮ ಬೀದಿಯ ತಿರುವಿಗೆ ಬಂದಾಗ ಸ್ಕೂಟರಿನ ಚಕ್ರ ಅರ್ಧ ಮುಳುಗಿತು. ಬೀದಿ ಕೆರೆಯಾಗಿತ್ತು. ಚಪ್ಪಲಿಗಳು, ಒಂದು ಪ್ಲಾಸ್ಟಿಕ್ ಬಕೆಟ್ಟು, ಯಾರದೋ ಬಾಗಿಲ ಕಾಲೊರಸು ಸಾವಕಾಶವಾಗಿ ಮೆರವಣಿಗೆ ಹೊರಟಿದ್ದವು. ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು ನಿಂತಿದ್ದ ಎಂಜಿನಿಯರ್ ಸಾಹೇಬರು, ಕತ್ತು ಹಿಂದಕ್ಕೆ ಮುರಿದವನಂತೆ ಬಂದಿಳಿದ ತಮ್ಮ ಗುಮಾಸ್ತನನ್ನು ನೋಡಿದರು.

"ಬೆನ್ನುನೋವು ಹೇಗಿದೆ?"

"ಕುತ್ತಿಗೆಗೆ ಬಂದಿದೆ ಸರ್."

"ಕೀ ಎಲ್ಲಿ?"

ಗುಮಾಸ್ತ ಗದ್ದವನ್ನು ಮೇಲಕ್ಕೆತ್ತಿ ತೋರಿಸಿದ. ಸಾಹೇಬರು ನೋಡಿದರು. ಸಾಹೇಬರನ್ನು ನೋಡಿ ಬೀದಿಯೇ ಮೇಲೆ ನೋಡಿತು.

ಆಗ, ಅಷ್ಟು ಹೊತ್ತು ಇಳಿಯಲೊಲ್ಲದ ಗ್ಲೈಡರು ತಾನಾಗಿಯೇ ಇಳಿಯತೊಡಗಿತು. ಗುಮಾಸ್ತನಿಗೆ ಕಾರಣ ಹೊಳೆಯಿತು: ಬೀದಿ ತುಂಬ ತಣ್ಣೀರು, ಅದರ ಮೇಲಿನ ಗಾಳಿ ತಣ್ಣಗೆ, ತಣ್ಣನೆ ಗಾಳಿ ಕೆಳಗಿಳಿಯುತ್ತದೆ. ಅವನು ಕಡ್ಡಿಯನ್ನು ಬೆರಳ ತುದಿಯಿಂದ ಮುಟ್ಟುತ್ತ, ವಿದ್ಯುತ್ ತಂತಿಗಳ ಪಕ್ಕದಿಂದ ತಂದು, ತನ್ನ ಮನೆಯ ಮುಂದೆಯೇ ನೀರಿನ ಮೇಲೆ ಬಾತುಕೋಳಿಯಂತೆ ಇಳಿಸಿದ. ಯಾರೋ ಚಪ್ಪಾಳೆ ಹೊಡೆದರು. ಸಾಹೇಬರು ಅತ್ತ ನೋಡಿದ ಮೇಲೆ ನಿಲ್ಲಿಸಿದರು.

ಗುಮಾಸ್ತ ಮೂಗಿನ ಪಟ್ಟಿ ಕಿತ್ತು ಬೀಗದಕೈ ತೆಗೆದ. ಕೆಸರಾದ ಗ್ಲೈಡರನ್ನು ಹೆಂಡತಿಯ ಕೈಗಿತ್ತು ಸಾಹೇಬರ ಜೀಪು ಹತ್ತಿದ.

ಕಪಾಟು ತೆರೆಯಿತು. ಬಿಳಿ ಪಟ್ಟಿಯ ಕಟ್ಟುಗಳೆಲ್ಲ ಸಾಲಾಗಿ ನಿಂತಿದ್ದವು. ಹದಿನಾರು, ಹದಿನೆಂಟು, ಹತ್ತೊಂಬತ್ತು. ಹದಿನೇಳು ಇರಲಿಲ್ಲ. ಅವರ ಬೀದಿಯ ನಕ್ಷೆ ಹದಿನೇಳು.

"ಎಲ್ಲಿ?" ಎಂದರು ಸಾಹೇಬರು.

ಗುಮಾಸ್ತ ಖಾಲಿ ಜಾಗದಲ್ಲಿ ಕೈಯಾಡಿಸಿದ. ಅವನ ನೆನಪಿನಲ್ಲಿ ಒಂದು ಮಧ್ಯಾಹ್ನ ನಿಧಾನವಾಗಿ ಎದ್ದು ಬಂತು. ಗ್ಲೈಡರಿನ ಬಾಲಕ್ಕೆ ಕೀಲು ಮಾಡಲು ಗಟ್ಟಿ ಬಟ್ಟೆಯ ಪಟ್ಟಿ ಬೇಕಿತ್ತು. ಕೈಗೆ ಸಿಕ್ಕ ಒಂದು ಕಟ್ಟಿನ ಬಿಳಿ ಪಟ್ಟಿ ಬಿಚ್ಚಿಕೊಂಡಿದ್ದ. ಕಟ್ಟು ಬಿಚ್ಚಿ ಹೋಗದಿರಲೆಂದು, ನಾಳೆ ಬದಲಾಯಿಸಿದರಾಯಿತೆಂದು, ಅದಕ್ಕೊಂದು ಕೆಂಪು ಪಟ್ಟಿ ಸುತ್ತಿದ್ದ. ಆ ನಾಳೆ ಬರಲಿಲ್ಲ. ಮೂರು ವಾರ ಕಳೆದು, ಹೊದಿಕೆಗೆ ಹಾಳೆ ಬೇಕಾದಾಗ, ನಿಯಮಕ್ಕೆ ಚ್ಯುತಿ ಬಾರದಂತೆ, ಕೆಂಪು ಪಟ್ಟಿಯ ಕಟ್ಟನ್ನೇ ಹುಡುಕಿ ತೆಗೆದಿದ್ದ.

"ಸರ್," ಎಂದ. ಕಪಾಟಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದ.

ಬರಿಗೈಯಲ್ಲಿ ಬೀದಿಗೆ ಮರಳಿದಾಗ ಮನೆಯ ಜಗಲಿಯ ಮುಂದೆ ಗುಂಪು. ನೀರು ಮೂರನೇ ಮೆಟ್ಟಿಲು ಮುಟ್ಟಿತ್ತು. ಇನ್ನೊಂದು ಮೆಟ್ಟಿಲು ಹತ್ತಿದರೆ ಒಳಮನೆ.

"ರೀ, ಬೈಬೇಡಿ," ಎಂದಳು ಹೆಂಡತಿ. "ಕೆಸರಾಗಿತ್ತಲ್ಲ ಅಂತ ತೊಳೆದೆ. ಬಣ್ಣ ಪೂರ್ತಿ ಬಿಟ್ಕೊಂಡುಬಿಡ್ತು. ಎಂಥ ಬಣ್ಣ ರೀ ಅದು?"

ಜಗಲಿಯ ಮೇಲೆ ಗ್ಲೈಡರು ಹಾಲಿನಂತೆ ಬೆಳ್ಳಗೆ ಮಲಗಿತ್ತು. ಅದರ ಮೇಲೆ ಕನ್ನಡಕ ಬಗ್ಗಿಸಿ ನಿಂತಿದ್ದ ಮೇಷ್ಟ್ರು ಕೂಗಿದರು.

"ಅರೇ! ಇದರ ಮೇಲೆ ನಮ್ಮ ಬೀದಿ ಇದೆ ಕಣ್ರೀ! ಎಡ ರೆಕ್ಕೆ ಮೇಲೆ ನೋಡಿ. ತಿರುವು, ಬಾವಿ... ಇದು ನನ್ನ ಮನೆ!"

ಸಾಹೇಬರು ಜನರನ್ನು ಸರಿಸಿ ಒಳನುಗ್ಗಿದರು. ಬಗ್ಗಿದರು. ಕಪ್ಪು ಮಸಿಯ ಗೆರೆಗಳು ಅಲುಗದೆ ಹಾಗೇ ಇದ್ದವು. ಅವರು ಬೆರಳಿನಿಂದ ಪೈಪನ್ನು ಹಿಡಿದು ನಡೆದರು. ಬಲ ರೆಕ್ಕೆಯಲ್ಲಿ ಶುರುವಾದ ಬೀದಿ ಎಡ ರೆಕ್ಕೆಯಲ್ಲಿ ಮುಂದುವರಿಯಿತು. ಒಂದು ಪುಟ್ಟ ವೃತ್ತದ ಮೇಲೆ ಬೆರಳು ನಿಂತಿತು. ಅವರು ಗುಮಾಸ್ತನ ಮುಖ ನೋಡಿದರು. ಆ ನೋಟ ಬೈಗುಳಕ್ಕಿಂತ ಉದ್ದವಾಗಿತ್ತು.

"ವಾಲ್ವು ಮೇಷ್ಟ್ರ ಮನೆ ಮುಂದೆ. ಬಾಗಿಲಿಂದ ಆರಡಿ."

"ಅಲ್ಲಿ ನಾನು ಸಿಮೆಂಟ್ ಬೆಂಚು ಕಟ್ಟಿಸಿದೀನಲ್ಲ!" ಎಂದರು ಮೇಷ್ಟ್ರು.

"ಗೊತ್ತಾಯ್ತು," ಎಂದರು ಸಾಹೇಬರು. "ಒಡೀರಿ."

ಬೆಂಚು ಒಡೆದರು. ಮೇಷ್ಟ್ರು ಕೊನೆಯವರೆಗೂ ಅದರ ಮೇಲೆ ಕೂತೇ ಪ್ರತಿಭಟಿಸಿದರು. ಇಬ್ಬರು ಅವರನ್ನು ಎತ್ತಿ ಗುಮಾಸ್ತನ ಜಗಲಿಯಲ್ಲಿಟ್ಟರು. ವಾಲ್ವು ಸಿಕ್ಕಿತು, ತಿರುಗಿತು. ನೀರಿನ ಬುಗ್ಗೆ ಕೆಮ್ಮಿ, ಕುಗ್ಗಿ, ನಿಂತಿತು. ನಾಲ್ಕನೇ ಮೆಟ್ಟಿಲು ಒಣಗಿಯೇ ಉಳಿಯಿತು.

ಸಂಜೆ ಸಾಹೇಬರು ಗುಮಾಸ್ತನನ್ನು ಎದುರು ನಿಲ್ಲಿಸಿಕೊಂಡು ಬಹಳ ಹೊತ್ತು ಪೆನ್ನು ತಿರುಗಿಸಿದರು.

"ನಕ್ಷೆ ನಾಶ ಮಾಡಿದಾನೆ ಅಂತ ಬರೆದು ನಿನ್ನನ್ನ ಮನೆಗೆ ಕಳಿಸಬಹುದು. ಆದ್ರೆ ನಕ್ಷೆ ನಾಶ ಆಗಿಲ್ಲ. ಎದುರಿಗೇ ಇದೆ. ಬೇರೆ ಪ್ರತಿನೂ ಇಲ್ಲ."

"ಕಿತ್ತು ಕೊಡ್ಲಾ ಸರ್?" ಎಂದ ಗುಮಾಸ್ತ.

"ಕಿತ್ರೆ ಹರಿಯುತ್ತೆ. ಹೇಗಿದೆಯೋ ಹಾಗೇ ಇರಲಿ." ಅವರು ದಫ್ತರು ಎಳೆದುಕೊಂಡು ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು: "ನಕ್ಷೆ ಸಂಖ್ಯೆ ಹದಿನೇಳು. ವಿಮಾನದ ರೂಪದಲ್ಲಿದೆ. ಕಚೇರಿಯಿಂದ ಹೊರಗೆ ಒಯ್ಯತಕ್ಕದ್ದಲ್ಲ. ಹಾರಿಸತಕ್ಕದ್ದಲ್ಲ." ಆಮೇಲೆ ತಲೆಯೆತ್ತಿದರು. "ಕಾವಲು ನಿಂದೇ. ಸಹಿ ಹಾಕು."

ಗುಮಾಸ್ತ ಸಹಿ ಹಾಕಿದ.

ಎಲ್ಲರೂ ಹೋದ ಮೇಲೆ ಅವನು ಕಪಾಟಿನಲ್ಲಿ ಹದಿನಾರಕ್ಕೂ ಹದಿನೆಂಟಕ್ಕೂ ನಡುವೆ ಜಾಗ ಮಾಡಿದ. ಬಾಲದ ಕೀಲಿನ ಬಿಳಿ ಪಟ್ಟಿಯನ್ನು ಒಮ್ಮೆ ಸವರಿದ. ಕಟ್ಟಿಗೆ ಸೇರಬೇಕಾದ ಪಟ್ಟಿ ಕೊನೆಗೂ ತನ್ನ ಕಟ್ಟಿನ ಜೊತೆಗೇ ಕಪಾಟು ಸೇರುತ್ತಿತ್ತು. ಒಳಗಿಡುವ ಮುನ್ನ, ಸದ್ದಿಲ್ಲದ ಆ ಕೋಣೆಯಲ್ಲಿ, ಗ್ಲೈಡರನ್ನು ಎರಡು ತೋರುಬೆರಳುಗಳ ಮೇಲೆ ಎತ್ತಿ ಹಿಡಿದ. ಅದು ಒಂದು ಕ್ಷಣ ಯೋಚಿಸಿತು. ಬೀಗದಕೈ ಅವನ ಜೇಬಿನಲ್ಲಿತ್ತು. ನಿಧಾನವಾಗಿ, ಆರಾಮಕುರ್ಚಿಗೆ ಒರಗುವ ಮಾವನವರ ಹಾಗೆ, ಬಾಲದ ಕಡೆಗೆ ಕೂತುಬಿಟ್ಟಿತು.