ಮೇಲ್ಮಹಡಿ ಖಾಲಿಯಾದ ದಿನ

ಎಲ್ವುಡ್ ಪಿಂಕ್ನಿಯ ನಿದ್ದೆ ಕೆಡಿಸಿದ್ದು ಒಂದು ನಲ್ಲಿ. ಬಾಲ್ಟಿಮೋರಿನ ಅವನ ಮನೆಯ ಮೇಲ್ಮಹಡಿಯಲ್ಲಿ ಬಾಡಿಗೆಗಿದ್ದ ಮಿಸ್ ವರ್ನೆಟಾ, ಬೆಳಕು ಹರಿಯುವ ಮೊದಲೇ ಬಾಗಿಲು ತಟ್ಟಿ, ನಲ್ಲಿ ತೊಟ್ಟಿಕ್ಕುತ್ತಿದೆ ಎಂದಳು. ಮೊನ್ನೆ ಕಿಟಕಿಯ ಚಿಲಕ, ಅದಕ್ಕೂ ಮೊದಲು ಮೆಟ್ಟಿಲ ಕಂಬಿ. ಅವಳ ಬಾಡಿಗೆಯ ಬಹುಪಾಲನ್ನು ಸರ್ಕಾರವೇ ಕಟ್ಟುತ್ತಿದ್ದುದರಿಂದ, ಮನೆ ನೆಟ್ಟಗಿದೆಯೇ ಎಂದು ನೋಡಲು ವರ್ಷಕ್ಕೊಮ್ಮೆ ತಪಾಸಣೆಯವರು ಬರುತ್ತಿದ್ದರು. ಅವರನ್ನಾದರೂ ಸಹಿಸಬಹುದಿತ್ತು, ವರ್ನೆಟಾ ದಿನವೂ ಬರುತ್ತಿದ್ದಳು.

ಕರಾರು ಹೋದ ತಿಂಗಳೇ ಮುಗಿದಿತ್ತು. ಮನೆ ಬಿಡಿ ಎಂದು ಇವತ್ತು ಹೇಳಿಯೇ ಬಿಡುವುದೆಂದು ಎಲ್ವುಡ್ ನಿರ್ಧರಿಸಿದ. ಧೈರ್ಯ ಬರಲೆಂದು ಮೊದಲು ಕ್ಷೌರಕ್ಕೆ ಹೋದದ್ದೇ ತಪ್ಪಾಯಿತು. ಕ್ಷೌರಿಕ ಕ್ಲೀಟಸ್ ಅವನ ಬಾಯಿ ಬಿಡಿಸಿ ವಿಷಯ ತಿಳಿದುಕೊಂಡು, ಹಾಗಾದರೆ ಆ ಮನೆ ತನ್ನ ತಂಗಿಗೆ ಬೇಕು, ಅವಳಿಗೂ ಅದೇ ಸರ್ಕಾರದ ಸಹಾಯವಿದೆ ಎಂದ. ಗಂಟಲ ಮೇಲೆ ಕತ್ತಿಯಿರುವಾಗ ಇಲ್ಲ ಎನ್ನುವುದು ಹೇಗೆ? ಎಲ್ವುಡ್ ಮಾತು ಕೊಟ್ಟ.

ಮಧ್ಯಾಹ್ನದೊಳಗೆ ಸುದ್ದಿ ಬೀದಿಗೆಲ್ಲ ಹಬ್ಬಿ, ಚರ್ಚಿನ ಹೆಂಗಸರು ಬಂದು ಅವನ ಮೆಟ್ಟಿಲ ಮೇಲೆಯೇ ಕೂತರು.

"ನಿನ್ನ ಕಾಲು ಮುರಿದಾಗ ದಿನಾ ಸೂಪು ತಂದುಕೊಟ್ಟೋಳು ಯಾರಪ್ಪಾ?" ಎಂದಳು ಎದುರುಮನೆಯ ಅರ್ಲೀನ್.

ತಂದುಕೊಟ್ಟವಳು ವರ್ನೆಟಾಳೇ. ನಾಚಿಕೆಪಟ್ಟ ಎಲ್ವುಡ್, ಹಿಂಬಾಗಿಲಿಂದ ಒಳಗೆ ನುಸುಳಲು ಹೋಗಿ ಬೇಲಿಗೆ ಪ್ಯಾಂಟು ಹರಿದುಕೊಂಡ.

ಸಂಜೆ ಹರಿದ ಪ್ಯಾಂಟಿನಲ್ಲೇ ಮೇಲೆ ಹತ್ತಿದ. ವರ್ನೆಟಾಳ ಸುತ್ತ ರಟ್ಟಿನ ಪೆಟ್ಟಿಗೆಗಳಿದ್ದವು.

"ಕೂತ್ಕೊಳ್ಳಿ ಮಿಸ್ಟರ್ ಪಿಂಕ್ನಿ. ನಾನು ಮನೆ ಬಿಡ್ತಿದೀನಿ. ಬೆಳಗ್ಗೆ ಅದನ್ನೇ ಹೇಳೋಕೆ ಬಂದೆ, ಬಾಯಿಗೆ ಬಂದಿದ್ದು ನಲ್ಲಿ."

ಎಲ್ವುಡ್‌ಗೆ ಹೋದ ಜೀವ ಬಂದಂತಾಯಿತು. ಬೇಜಾರಿನ ಮುಖ ಮಾಡಲು ಎಷ್ಟು ಹೆಣಗಿದರೂ ನಗು ಉಕ್ಕುತ್ತಿತ್ತು. ಪೆಟ್ಟಿಗೆಗಳನ್ನು ತಾನೇ ಹೊತ್ತು ಇಳಿಸತೊಡಗಿದ. ಅವಳ ಸಾಮಾನು ಹೊರಗೆ ಹಾಕುತ್ತಿದ್ದಾನೆಂದು ತಿಳಿದು ಅರ್ಲೀನ್ ಪೊರಕೆ ಎತ್ತಿಕೊಂಡು ಬಂದಳು. ವರ್ನೆಟಾ ನಿಜ ಹೇಳಿದ ಮೇಲೆ ಅವಳೂ ಒಂದು ಪೆಟ್ಟಿಗೆಗೆ ಕೈ ಹಾಕಿದಳು.

ಎಲ್ಲ ಇಳಿದ ಮೇಲೆ, ಇಷ್ಟು ಅವಸರವೇನಿತ್ತು ಎಂದು ಎಲ್ವುಡ್ ದೊಡ್ಡ ಮನಸ್ಸಿನಿಂದ ಕೇಳಿದ.

ಕೆಲಸ ಸಿಕ್ಕಿದೆ, ಇನ್ನು ಸರ್ಕಾರದ ಸಹಾಯ ಬೇಡ ಎನ್ನುವಾಗ ವರ್ನೆಟಾಳ ಕಣ್ಣು ತುಂಬಿತು. ಎಲ್ವುಡ್‌ಗೂ ನಿಜವಾಗಿ ಸಂತೋಷವಾಯಿತು. ಎಂಥ ಕೆಲಸ ಎಂದ. ಸಹಾಯದ ಮನೆಗಳ ತಪಾಸಣೆ, ಈ ಬೀದಿಯೂ ತನಗೇ ಬಂದಿದೆ ಎಂದಳು.

"ಕ್ಲೀಟಸ್ ತಂಗಿ ಬರೋಕೆ ಮುಂಚೆ ಮನೆ ನೋಡ್ಬೇಕಲ್ಲ, ಸೋಮವಾರ ಬರ್ತೀನಿ. ಇಷ್ಟು ದಿನ ಬಾಡಿಗೆಗಿದ್ದೋಳು ಅನ್ನೋ ಸಂಕೋಚಕ್ಕೆ, ಎಷ್ಟೋ ರಿಪೇರಿ ವಿಷಯ ನಿಮಗೆ ಹೇಳೇ ಇರಲಿಲ್ಲ."