ಇಪ್ಪತ್ತೊಂದನೆಯ ದಿನದ ಕಣ್ಣುಕಟ್ಟಾಟ

ಪೇಂಟ್ ಖಾತೆಯ ಕೆಲಸಗಾರರಿಗೆ ಮಾಸ್ಕ್ ಕೊಟ್ಟಿರಲಿಲ್ಲ. ಥಿನ್ನರಿನ ವಾಸನೆಗೆ ಜಟ್ಟೆಪ್ಪ ಮಧ್ಯಾಹ್ನ ಎರಡಕ್ಕೆ ತಲೆ ತಿರುಗಿ ಬಿದ್ದ. ಕಾರ್ಖಾನೆಯವರು ದಾರೂ ಕುಡಿದು ಬಿದ್ದನೆಂದು ಬರೆದುಕೊಂಡರು.

ಹಾಗೆಂದು ಜಟ್ಟೆಪ್ಪ ಕುಡಿಯುವವನೇ ಅಲ್ಲ ಎಂದಲ್ಲ. ಕುಡಿಯುತ್ತಿದ್ದ. ಆದರೆ ಕಾರ್ಖಾನೆಯಿದ್ದ ರಾಂಜಣಗಾಂವದಿಂದ ಕಂಪನಿ ಬಸ್ಸು ಬಂದು ಅವನನ್ನು ಇಳಿಸಿದ ಮೇಲೆ, ಸಂಜೆ ಮಾತ್ರ. "ಸಾಹೇಬ್ರ, ನಾ ಮಧ್ಯಾಹ್ನ ಕುಡಿಯಂಗಿಲ್ಲರಿ" ಎಂದು ಅವನು ಬೇಡಿಕೊಂಡದ್ದೇ ತಪ್ಪಾಯಿತು. ಹಾಗಾದರೆ ಯಾವಾಗ ಕುಡಿಯುತ್ತೀ ಎಂದು ಸಾಹೇಬರು ಕೇಳಿದರು. ಜಟ್ಟೆಪ್ಪ ಹೊತ್ತು ಹೇಳಿದ. ಚಟ ಬಿಟ್ಟ ಸರ್ಟಿಫಿಕೇಟು ತರುವ ತನಕ ಗೇಟಿನೊಳಗೆ ಕಾಲಿಡಕೂಡದೆಂಬ ಪತ್ರ ಆ ದಿನವೇ ಅವನ ಕೈಗೆ ಬಂತು. ಮಾಸ್ಕಿನ ಬಗ್ಗೆ ಯಾರೂ ಪತ್ರ ಬರೆಯಲಿಲ್ಲ.

ಪುಣೆ ಕ್ಯಾಂಪಿನ ಹಿಂಬದಿ ಒಂದು ಹಳೆಯ ಬಂಗಲೆಯಲ್ಲಿ 'ಸೋಬತ್', ಅಂದರೆ ಜೊತೆ, ಎಂಬ ವ್ಯಸನಮುಕ್ತಿ ಕೇಂದ್ರವಿತ್ತು. ಅಲ್ಲಿ ಗಂಡ ಹೆಂಡತಿಯನ್ನು ಜೋಡಿಯಾಗಿಯೇ ಸೇರಿಸಿಕೊಳ್ಳುತ್ತಿದ್ದರು. ಇಬ್ಬರಿಗೂ ಒಟ್ಟಿಗೆ ಬಿಡಿಸಿದರೆ ಮನೆಯಲ್ಲಿ ಮತ್ತೆ ಹತ್ತುವುದಿಲ್ಲ ಎಂಬುದು ಅವರ ಲೆಕ್ಕ. ಸೇರಲು ಬಂದ ದಿನ ಕೇಂದ್ರದ ಸಲಹೆಗಾರ್ತಿ ಶೀತಲ್ ಮೇಡಂ ಜಟ್ಟೆಪ್ಪನ ಹೆಂಡತಿ ಶಿವಬಸವ್ವನ ಹಲ್ಲುಗಳನ್ನೇ ದಿಟ್ಟಿಸಿದರು.

"ಅಕ್ಕಾರ, ನಿಮಗೂ ಏನರ ಚಟಾ ಅದ ಏನ್ರಿ?"

"ನನಗೆಂಥಾದ್ರಿ ಚಟಾ? ಹಲ್ಲ ತಿಕ್ಕೋತೀನಿ, ಅಷ್ಟ."

"ದಿನಕ್ಕ ಎಷ್ಟ ಸಲ?"

"ಒಂದ್ ಹನ್ನೆರಡ್ ಸಲ."

ತಂಬಾಕು ಸುಟ್ಟು ಕುಟ್ಟಿದ ಮಿಶ್ರಿಯ ಕರೀ ಡಬ್ಬಿ ಅವಳ ಸೊಂಟದಿಂದ ಹೊರಬಂತು. ಅವಳ ಹೆಸರೂ ದಾಖಲಾಯಿತು.

ಜಟ್ಟೆಪ್ಪನ ಕೈನಡುಕ ಐದು ದಿನಕ್ಕೆ ನಿಂತಿತು. ಶಿವಬಸವ್ವನ ಸಿಟ್ಟು ನಿಲ್ಲಲಿಲ್ಲ. ಮಿಶ್ರಿ ಇಲ್ಲದ ಬಾಯಲ್ಲಿ ಅವಳು ಕೇಂದ್ರದ ಅಡುಗೆಯವಳಿಂದ ಹಿಡಿದು ಗೋಡೆಗೆ ತೂಗಿದ ಕ್ಯಾಲೆಂಡರಿನವರೆಗೆ ಎಲ್ಲರನ್ನೂ ಬೈದಳು. ಬೆಳಿಗ್ಗೆ ಗುಳಿಗೆ, ಮಧ್ಯಾಹ್ನ ಉಪದೇಶ, ಸಂಜೆ ಮನರಂಜನಾ ಚಿಕಿತ್ಸೆ. ಅಂದರೆ ಕೇರಂ, ಅಂತ್ಯಾಕ್ಷರಿ, ಕಾಗದದ ಹೂವು ಮಾಡುವುದು. ಎರಡು ಪಾಳಿ ದುಡಿಯುವವನಿಗೆ ಆಡಲು ಬಿಡುವು ಕೊಡದ ಊರು, ಅವನು ರೋಗಿಯಾದ ಮೇಲೆ ಔಷಧವೆಂದು ಆಟ ಕೊಡುತ್ತಿತ್ತು. ಕುಡಿಯುವ ಕಾರಣ ಬರೆಯಲು ಕೇಂದ್ರದ ಫಾರ್ಮಿನಲ್ಲಿ ಒಂದೇ ಗೆರೆ ಇತ್ತು; ಪೇಂಟ್ ಖಾತೆ ಅದರೊಳಗೆ ಹಿಡಿಸುತ್ತಿರಲಿಲ್ಲ.

ಇಪ್ಪತ್ತೊಂದನೆಯ ದಿನ ಬಂತು. ಅಂದು ಕೊನೆಯ ಚಿಕಿತ್ಸೆ, ಅದರ ಬೆನ್ನಿಗೆ ಸರ್ಟಿಫಿಕೇಟು. ಅದಕ್ಕೆ ಎರಡು ಬದಿ. ಒಂದು ಬದಿಯಲ್ಲಿ ಗಂಡ ಚಟ ಬಿಟ್ಟನೆಂದು ಹೆಂಡತಿಯ ಸಾಕ್ಷಿ ಸಹಿ, ಇನ್ನೊಂದು ಬದಿಯಲ್ಲಿ ಹೆಂಡತಿ ಬಿಟ್ಟಳೆಂದು ಗಂಡನದು. ಒಂದು ಬದಿ ಖಾಲಿ ಇದ್ದರೂ ಇಬ್ಬರಿಗೂ ಮತ್ತೆ ಇಪ್ಪತ್ತೊಂದು ದಿನ. ಎರಡೂ ತುಂಬಿದರೆ ಸೋಮವಾರ ಬೆಳಗಿನ ಪಾಳಿ.

"ಗಂಡಸರ ಕಣ್ಣು ಕಟ್ತೀವಿ" ಎಂದು ಶೀತಲ್ ಮೇಡಂ ಅಂಗಳದ ನಡುವೆ ನಿಂತು ವಿವರಿಸಿದರು. "ಹೆಂಡ್ರು ಆ ಕಡಿ ನಿಂತು ಹೆಸರ ಹಿಡದು ಕರೀಬೇಕು. ದನಿ ಹಿಡಕೊಂಡು ಗಂಡ ಹೆಂಡ್ತಿ ಹತ್ರ ಹೋಗಬೇಕು. ಇದು ಆಟಲ್ಲರಿ, ನಂಬಿಕಿ ಚಿಕಿತ್ಸೆ."

"ನಾ ಹೆಸರ ತಗಿಯಂಗಿಲ್ಲ" ಎಂದಳು ಶಿವಬಸವ್ವ.

"ಯಾಕ್ರಿ ಅಕ್ಕಾ?"

"ಗಂಡನ ಹೆಸರ ತಗದ್ರ ಆಯುಷ್ಯ ಕಡಿಮಿ ಆಗ್ತದ. ಕುಡದು ಅರ್ಧಾ ಅವನ ಕಡಿಮಿ ಮಾಡ್ಕೊಂಡಾನ. ಉಳದದ್ದು ನಾ ಯಾಕ ತಗೀಲಿ?"

ಉಳಿದ ಹೆಂಗಸರೂ ತಲೆಯಾಡಿಸಿದರು. ನಾಲ್ಕು ಜೋಡಿಗಳಲ್ಲಿ ಎರಡು ಮರಾಠಿಯವು, ಒಂದು ಜಟ್ಟೆಪ್ಪನದು. ನಾಲ್ಕನೆಯದು ಹೊಟೇಲು ನಡೆಸುವ ಮೋಹನದಾಸ್ ಮತ್ತು ರಾಜೀವಿಯದು, ಮಂಗಳೂರು ಕಡೆಯವರು. ಗಂಡನಿಗೆ ಬ್ರಾಂಡಿ, ಹೆಂಡತಿಗೆ ನಶ್ಯ. ಹೆಸರು ಬೇಡವಾದರೆ ಮನೆಯಲ್ಲಿ ಕರೆಯುವಂತೆಯೇ ಕರೆಯಿರಿ ಎಂದು ಶೀತಲ್ ಮೇಡಂ ಸೋತು ಒಪ್ಪಿದರು.

ಕಣ್ಣಿಗೆ ಬಟ್ಟೆ ಕಟ್ಟಿಸಿಕೊಳ್ಳುತ್ತ ಮೋಹನದಾಸ್ ಪಿಸುಗುಟ್ಟಿದರು: "ಜಟ್ಟೆಪ್ಪನವರೇ, ಹೆದರಬೇಡಿ ಮಾರಾಯ್ರೆ. ನಾನು ಬೆಳಿಗ್ಗೆಯೇ ಹೆಜ್ಜೆ ಹಾಕಿ ನೋಡಿ ಇಟ್ಟಿದ್ದೇನೆ. ಸ್ವಲ್ಪ ಎಡಕ್ಕೆ ತಿರುಗಿ ಮೂವತ್ತೆರಡು ಹೆಜ್ಜೆ. ಸೀದಾ ನಿಮ್ಮ ಹೆಂಡತಿ."

"ಎಲ್ಲಿಂದ ಎಡಕ್ರಿ? ಇಲ್ಲಿಂದೋ, ಅಲ್ಲಿಂದೋ?"

"ಎಡಕ್ಕೆ ಅಂದ್ರೆ ಎಡಕ್ಕೆ ಮಾರಾಯ್ರೆ!"

ಅವರು ಹೆಜ್ಜೆ ಹಾಕಿದ್ದು ಹೆಂಡಂದಿರು ನಿಂತ ಆ ಕಡೆಯಿಂದ. ಈ ಕಡೆಯಿಂದ ಎಡಕ್ಕೆ ಇದ್ದದ್ದು ಗೇಟು.

ಶೀತಲ್ ಮೇಡಂ ಸೀಟಿ ಊದಿದರು. ಆ ಬದಿಯಿಂದ ಮೂರು ಹೆಂಗಸರು ಒಂದೇ ಉಸಿರಿಗೆ ಕೂಗಿದರು: "ಅಹೋ!"

ಪುಣೆಯಲ್ಲಿ ಹದಿನೆಂಟು ವರ್ಷ ಇದ್ದು ಶಿವಬಸವ್ವನೂ ನಾಲ್ಕು ಜನರ ಮುಂದೆ ಗಂಡನನ್ನು 'ರೀ' ಎನ್ನುವ ಬದಲು ಮರಾಠಿಯವರಂತೆ ಅಹೋ ಎಂದೇ ಕರೆಯುತ್ತಿದ್ದಳು. ರಾಜೀವಿಯೊಬ್ಬಳೇ "ಇವ್ರೇ, ಓ ಇವ್ರೇ" ಎಂದಳು. ಮೋಹನದಾಸ್ ಅದನ್ನು ಕೇಳದೆ ತಮ್ಮ ಹೆಜ್ಜೆಗಳನ್ನೇ ಎಣಿಸುತ್ತ ಹೋಗಿ ತುಳಸಿ ಕಟ್ಟೆಗೆ ಮೊಣಕಾಲು ಬಡಿದುಕೊಂಡರು. ಒಬ್ಬ ಮರಾಠಿ ಗಂಡ ಇನ್ನೊಬ್ಬನ ಹೆಂಡತಿಯ ಕೈ ಹಿಡಿದು, ಸಿಕ್ಕಳೆಂದು "ಸಾಪಡಲೀ!" ಎನ್ನುತ್ತ ಗೆದ್ದವನಂತೆ ಕುಣಿದ. ಅವಳ ಗಂಡ ಶಿವಬಸವ್ವನ ಸೆರಗಿಗೆ ಕೈ ಹಾಕಿ ಬೆನ್ನಿಗೆ ಗುದ್ದು ತಿಂದ. ಅಂಗಳವೆಲ್ಲ ಕಟ್ಟು ಬಿಚ್ಚಿಕೊಂಡ ಎಮ್ಮೆಗಳ ಹಿತ್ತಲಿನಂತಾಯಿತು.

ಜಟ್ಟೆಪ್ಪ ಮಾತ್ರ ಯಾರಿಗೂ ಡಿಕ್ಕಿ ಹೊಡೆಯದೆ ಎಡಕ್ಕೆ ನಡೆದ. ಹಾಲಿನ ಟೆಂಪೋ ಬರಲೆಂದು ಗೇಟು ತೆರೆದಿತ್ತು. ಗೇಟಿನಾಚೆ ಕೈಗಾಡಿಯಲ್ಲಿ ಭಾಜಿ, ಅಂದರೆ ಕಾಯಿಪಲ್ಯ, ಮಾರುವವಳು ರಸ್ತೆಯ ಆ ಬದಿಗೆ ಹೋದ ತನ್ನ ಗಂಡನನ್ನು ಕೇಳಿಸಿತೇ ಎಂದು ಕರೆಯುತ್ತಿದ್ದಳು: "ಅಹೋ! ಐಕಲಂತ ಕಾ! ಅಹೋ!" ಎಂಥ ಕಂಠ! 'ಇಪ್ಪತ್ತೊಂದು ದಿನ ಮಿಶ್ರಿ ಬಿಟ್ಟಿದ್ದಕ್ಕ ದನಿ ಎಷ್ಟ ಸುದ್ದ ಆಗೇದ' ಎಂದು ಜಟ್ಟೆಪ್ಪ ಖುಷಿಪಟ್ಟ. ಆದರೆ ಹೆಜ್ಜೆಯ ಲೆಕ್ಕ ಇನ್ನೂ ಮುಗಿದಿರದ ಕಾರಣ ಆ ದನಿಯನ್ನೂ ದಾಟಿ ಮೂವತ್ತೆರಡನೆಯ ಹೆಜ್ಜೆಗೆ ರಸ್ತೆಗಿಳಿದ.

ಯಾರೋ ಅವನ ಮೊಣಕೈ ಹಿಡಿದರು. "ಸಾವಕಾಶ್ ಬಾಬಾ, ಸಾವಕಾಶ್." ಕಣ್ಣಿಲ್ಲದವನೆಂದು ಬಗೆದ ಒಬ್ಬ ಹಿರಿಯರು, ತಲೆಗೆ ಬಿಳಿ ಟೊಪ್ಪಿಗೆ, ಕಂಕುಳಲ್ಲಿ ಕೊಡೆ. ಕೇಂದ್ರದವರೇ ದಾರಿ ತೋರಿಸಲು ಜನ ಇಟ್ಟಿದ್ದಾರೆಂದು ಜಟ್ಟೆಪ್ಪ ಅವರ ಜೊತೆ ಧೈರ್ಯವಾಗಿ ನಡೆದ. ರಿಕ್ಷಾಗಳು ನಿಂತು ದಾರಿ ಬಿಟ್ಟವು. ಹಿರಿಯರು ಅವನನ್ನು ರಸ್ತೆ ದಾಟಿಸಿ, ಎರಡು ಮೆಟ್ಟಿಲು ಹತ್ತಿಸಿ, ಒಂದು ಬಾಕಿನ ಮೇಲೆ ಕೂಡಿಸಿದರು. ಅವರು ಹೊರಟಿದ್ದುದೂ ಅಲ್ಲಿಗೇ. ಅದು ಸರಕಾರಮಾನ್ಯ ದೇಶಿ ದಾರೂ ಅಂಗಡಿ. ರಸ್ತೆಯ ಒಂದು ಬದಿ ಚಟ ಹಿಡಿಸಲು, ಇನ್ನೊಂದು ಬದಿ ಬಿಡಿಸಲು, ಎರಡಕ್ಕೂ ಒಂದೇ ಸರಕಾರದ ಪರವಾನಗಿ.

ಜಟ್ಟೆಪ್ಪನ ಮೂಗಿಗೆ ಸಂತ್ರಾ ದಾರೂವಿನ ಕಿತ್ತಳೆ ವಾಸನೆ ಬಡಿಯಿತು. 'ಅಬಬಬ, ಈ ಶೀತಲ್ ಮೇಡಂ ಎಂಥಾ ಪರೀಕ್ಷಾ ಇಟ್ಟಾಳ!' ಎಂದುಕೊಂಡವನೇ ಎದ್ದು ನಿಂತು, ಎದೆಗೆ ಕೈ ಇಟ್ಟು, ಕೇಂದ್ರದ ಉಪದೇಶದಲ್ಲಿ ಹತ್ತು ದಿನದಿಂದ ಬಾಯಿಪಾಠ ಮಾಡಿದ ಮಾತನ್ನು ಅಂಗಡಿ ನಡುಗುವಂತೆ ಒದರಿದ:

"ನಕೋ! ನನಗ ಬ್ಯಾಡ! ನನ್ನ ಜೀವಾ ನನ್ನ ಕೈಯಾಗ ಅದ!"

ಒಬ್ಬ ಎತ್ತಿದ ಗ್ಲಾಸನ್ನು ಕೆಳಗಿಟ್ಟ. ಅಂಕ ಬಂತೆಂದು ಜಟ್ಟೆಪ್ಪ ಹೆಮ್ಮೆಯಿಂದ ಕಣ್ಣಿನ ಬಟ್ಟೆ ಬಿಚ್ಚಿದ.

"ಡೋಳೇ ಆಲೇ!" ಎಂದು ಟೊಪ್ಪಿಗೆಯ ಹಿರಿಯರು ಕಿರುಚಿದರು. ಕುರುಡನಿಗೆ ಕಣ್ಣು ಬಂತು! ಗಲ್ಲಾಪೆಟ್ಟಿಗೆಯ ಮುಂದಿದ್ದ ಮಾಲೀಕ ಗೋಡೆಯ ಗಣಪತಿ ಪಟಕ್ಕೆ ಕೈ ಮುಗಿದ. ಇಂಥ ಪವಾಡಕ್ಕೆ ಎಲ್ಲರೂ ಸೇರಿ ತುಂಬಿದ ಗ್ಲಾಸನ್ನು ಜಟ್ಟೆಪ್ಪನ ಮೂಗಿನ ಕೆಳಗೆ ಹಿಡಿದರು.

ಅಲ್ಲಿ ಶೀತಲ್ ಮೇಡಂ ಇರಲಿಲ್ಲ. ಬೇಡವೆಂದರೆ ಅಂಕ ಹಾಕುವವರಿಲ್ಲ, ಬೇಕೆಂದರೆ ನೋಡುವವರಿಲ್ಲ. ಅವನ ಬಲಗೈ ಅವನನ್ನು ಕೇಳದೆಯೇ ಒಂದು ಗೇಣು ಮೇಲೆದ್ದಿತು.

ಆಗ ರಸ್ತೆಯಿಂದ ಒಂದು ದನಿ ಬಂತು.

"ಜಟ್ಟೆಪ್ಪಾ! ಏ ಜಟ್ಟೆಪ್ಪಾ!"

ಅವ್ವ ಸತ್ತ ಮೇಲೆ ಅವನನ್ನು ಹೆಣ್ಣುದನಿಯೊಂದು ಹಾಗೆ ಕೂಗಿರಲಿಲ್ಲ. ಹೆಂಡತಿಯ ಬಾಯಲ್ಲಂತೂ ಆ ಹೆಸರು ಇದೇ ಮೊದಲು. ಗ್ಲಾಸು ಹಿಡಿದವನನ್ನು ಬದಿಗೆ ತಳ್ಳಿ ಜಟ್ಟೆಪ್ಪ ಎರಡೂ ಮೆಟ್ಟಿಲು ಒಟ್ಟಿಗೇ ಜಿಗಿದ.

ಹೊರಗೆ ಕೇಂದ್ರಕ್ಕೆ ಕೇಂದ್ರವೇ ರಸ್ತೆಗೆ ಬಂದಿತ್ತು. ವಾಚ್‌ಮನ್ ಅವನ ಒಂದು ರಟ್ಟೆ ಹಿಡಿದ, ಮೋಹನದಾಸ್ ಕುಂಟುತ್ತ ಬಂದು ಇನ್ನೊಂದು ಹಿಡಿದರು.

"ನಾನು ಎಡಕ್ಕೆ ಅಂದದ್ದು ಇಷ್ಟು ಎಡಕ್ಕೆ ಅಲ್ಲ ಮಾರಾಯ್ರೆ! ಎಷ್ಟು ಹಾಕಿದ್ರಿ? ನಿಜ ಹೇಳಿ!"

"ಒಂದ ಹನಿನೂ ಇಲ್ರಿ. ಬೇಕಂದ್ರ ಆ ಟೊಪಗಿಯವ್ರನ್ನ ಕೇಳ್ರಿ, ನನಗ ಕಣ್ಣ ಬಂದದ್ದು ನೋಡ್ಯಾರ."

ಈ ಮಾತು ಕೇಳಿ, ಪೂರಾ ಏರಿದೆ ಎಂದು ಎಲ್ಲರಿಗೂ ಖಾತ್ರಿಯಾಯಿತು. ಶಿವಬಸವ್ವ ಭಾಜಿ ಗಾಡಿಯ ಮರೆಯಲ್ಲಿ ಭಾಜಿಯವಳ ಜೊತೆ ನಿಂತಿದ್ದಳು. ಗಂಡನನ್ನು ಎಳೆದು ತರುವುದನ್ನು ಕಂಡು ಬಾಯಿಗೆ ಸೆರಗು ಮುಚ್ಚಿಕೊಂಡು ಹಿಂದೆ ಹಿಂದೆ ಬಂದಳು.

ಕೇಂದ್ರದ ಮುಖ್ಯಸ್ಥರು ಅಥಣಿ ಕಡೆಯ ಅಪ್ಪಾಸಾಹೇಬರು. ಅಂಗಳದಲ್ಲಿ ಕುರ್ಚಿ ಹಾಕಿಸಿ ಕೂತರು, ಕೈಯಲ್ಲಿ ಸರ್ಟಿಫಿಕೇಟು.

"ಮಷೀನ್ ಗಿಷೀನ್ ನಮ್ಮಲ್ಲಿಲ್ಲ. ನಮ್ಮ ಪದ್ಧತಿ ಹೆಂಗದ ಹಂಗ. ಮೊದಲಿಗೆ ಗಂಡನ ಬಾಯಿ ಹೆಂಡ್ತಿ, ಹೆಂಡ್ತೀದು ಗಂಡ ಮೂಸಬೇಕು. ಅವರು ವಾಸನಿ ಇಲ್ಲ ಅಂದ ಮ್ಯಾಲ ಶೀತಲ್ ಮೇಡಂ ಮೂಸಿ ಪಕ್ಕಾ ಮಾಡಬೇಕು. ಬರ್ರಿ ಅಕ್ಕಾ."

"ಶಿವಬಸವ್ವನವರ ಮೂಗು ತಪ್ಪುವುದಿಲ್ಲ" ಎಂದು ರಾಜೀವಿ ಧೈರ್ಯ ತುಂಬಿದಳು. "ಎಷ್ಟು ವರ್ಷದ ಅಭ್ಯಾಸ!"

ಶಿವಬಸವ್ವ ಬಂದಳು. ಜಟ್ಟೆಪ್ಪ ಬಾಯಿ ಅಗಲಿಸಿದ. ಅವಳು ಮೂಗನ್ನಷ್ಟೇ ಸೆರಗಿನ ಹೊರಗಿಟ್ಟು ಉದ್ದಕ್ಕೆ ಎಳೆದುಕೊಂಡಳು. ಇನ್ನೊಮ್ಮೆ ಎಳೆದುಕೊಂಡಳು. ಅವಳು ಕೈಯಾಡಿಸಿದಳು: ಇಲ್ಲ. ಶೀತಲ್ ಮೇಡಂ ಕರವಸ್ತ್ರ ಸಜ್ಜಾಗಿಟ್ಟುಕೊಂಡು ಮೂಸಿ, "ಅಯ್ಯ, ಖರೇನ ಇಲ್ಲ!" ಎಂದು ಕೂಗಿದರು. ಜನ ಚಪ್ಪಾಳೆ ತಟ್ಟಿತು. ಮೋಹನದಾಸ್ ಇದು ತಮ್ಮದೇ ಲೆಕ್ಕಾಚಾರದ ಫಲವೆಂಬಂತೆ ಜಟ್ಟೆಪ್ಪನನ್ನು ಅಪ್ಪಿಕೊಂಡರು. ಶಿವಬಸವ್ವ ಮೊದಲ ಬದಿಗೆ ಸಹಿ ಹಾಕಿದಳು. ಇಪ್ಪತ್ತೊಂದು ದಿನದಿಂದ ಜಟ್ಟೆಪ್ಪನ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು. ಸೋಮವಾರದ ಪಾಳಿಗೆ ಕರೆಯುವ ಕಾರ್ಖಾನೆಯ ಭೋಂಗಾದ ಕೂಗು ಅವನ ಕಿವಿಯಲ್ಲಿ ಮಂಗಳವಾದ್ಯದಂತೆ ಕೇಳಿಸಿತು.

"ಹದಿನಾಲ್ಕು ವರ್ಷದಾಗ ಇಂಥಾ ಪೇಶಂಟ್ ನೋಡಿಲ್ಲ ನಾ" ಎಂದು ಅಪ್ಪಾಸಾಹೇಬರು ಸರ್ಟಿಫಿಕೇಟು ಮಗುಚಿದರು. "ಈಗ ನಿಮ್ಮ ಪಾಳಿ. ಮನಿಯವರನ್ನ ಒಮ್ಮಿ ಮೂಸ್ರಿ, ಒಂದ ಸಹಿ ಹಾಕ್ರಿ, ಏಳರ ಬಸ್ಸಿಗೆ ಮನಿ ಕಡಿ ಹೊಂಡ್ರಿ."

ಜಟ್ಟೆಪ್ಪ ನಗುತ್ತ ಹೆಂಡತಿಯ ಕಡೆ ಬಾಗಿದ. ಒಂದು ಮೊಳ ದೂರವಿರುವಾಗಲೇ ಸೆರಗಿನ ಅಡಿಯಿಂದ ಸುಟ್ಟ ತಂಬಾಕಿನ ಘಾಟು ಬಂತು. ಅವನ ನಗು ನಿಂತಲ್ಲೇ ನಿಂತಿತು. ಹೆಸರು ಕೂಗಿ ಗಂಡನ ಆಯುಷ್ಯ ತೆಗೆದೆನೆಂದು ನಡುಗಿ ಹೋದವಳಿಗೆ ಭಾಜಿಯವಳು ಒಂದು ಚಿಟಿಕೆ ಮಿಶ್ರಿ ಕೊಟ್ಟು ಸಮಾಧಾನ ಮಾಡಿದ್ದಳು. ಆ ಪುಣ್ಯಾತ್ಗಿತ್ತಿ ಇನ್ನೂ ಗೇಟಿನಲ್ಲಿ ನಿಂತು, ಇನ್ನಷ್ಟು ಬೇಕೇ ಎಂಬಂತೆ ಡಬ್ಬಿ ಅಲ್ಲಾಡಿಸುತ್ತಿದ್ದಳು. ಸೆರಗಿನ ಮೇಲೆ ಕಾಣುತ್ತಿದ್ದುದು ಶಿವಬಸವ್ವನ ಕಣ್ಣುಗಳು ಮಾತ್ರ. ಅವುಗಳ ಅಂಚಿನಲ್ಲಿ ನೀರು.

ವಾಸನೆ ಇದೆ ಎಂದರೆ ಅವಳ ಹೆಸರಿನ ಮುಂದೆ ಚಟ ಬಿಟ್ಟಿಲ್ಲವೆಂದು ಬರೆದುಕೊಳ್ಳುತ್ತಾರೆ. ಇಲ್ಲವೆಂದರೆ ತಾವೇ ಮೂಸಿ ನೋಡಲು ಶೀತಲ್ ಮೇಡಂ ಕರವಸ್ತ್ರ ಹಿಡಿದು ನಿಂತೇ ಇದ್ದಾರೆ. ಜಟ್ಟೆಪ್ಪ ಬಾಗಿದ ಬೆನ್ನನ್ನು ನೆಟ್ಟಗೆ ಮಾಡಿದ.

"ನಾ ಮೂಸಂಗಿಲ್ರಿ."

"ಅಂದ್ರ?"

"ಆಕಿ ಹದಿನೆಂಟ್ ವರ್ಷ ದಿನಾ ಬಾಗಲದಾಗ ನಿಂತು ನನ್ನ ಬಾಯಿ ಮೂಸ್ಯಾಳ್ರಿ. ನಾ ಒಂದ್ ದಿನಾನೂ ಆಕೀದು ಮೂಸಿಲ್ಲ. ಇವತ್ತ ನಾಕ ಮಂದಿ ಮುಂದ ಮೂಸಂಗಿಲ್ಲ."

"ಮೂಸಿಬಿಡಿ ಮಾರಾಯ್ರೆ, ಎರಡು ಸೆಕೆಂಡಿನ ಕೆಲಸ!" ಎಂದು ಮೋಹನದಾಸ್ ಹಿಂದಿನಿಂದ ತಿವಿದರು.

"ಸಾಕ್ಷಿ ಇಲ್ಲಂದ್ರ ಇಬ್ರಿಗೂ ಮತ್ತ ಇಪ್ಪತ್ತೊಂದು ದಿನ, ನೋಡ್ರಿ" ಎಂದು ಅಪ್ಪಾಸಾಹೇಬರು ಪೆನ್ನು ಎತ್ತಿದರು. "ಪಾಳಿ ಹೋಗ್ತದ. ಕಡೀ ಸಲ ಹೇಳ್ತೀನಿ. ಮೂಸ್ರಿ."

ಸೆರಗಿನೊಳಗಿಂದ ಒಂದು ದೀರ್ಘ ಉಸಿರು ಹೊರಬಿತ್ತು. ಅದನ್ನು ಕೇಳಿದ ಜಟ್ಟೆಪ್ಪನಿಗೆ, ಯಾಕೋ, ತನ್ನ ಎದೆಯೂ ಹಗುರಾದಂತಾಯಿತು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮೂಗನ್ನು ಆಕಾಶಕ್ಕೆ ಎತ್ತಿ ನಿಂತ.

"ಇಲ್ರಿ, ಮೂಸಂಗಿಲ್ಲ."